ಹಳೆಯ ಕಾರಿನ ಎಂಜಿನ್ನಿಗೆ ಬೇರಿಂಗುಗಳ ಆಯ್ಕೆ: ಒಂದು ವಿವೇಚನೆ

‘ಬೇರಿಂಗ್’ ಎಂಬ ಆಂಗ್ಲಪದಕ್ಕೆ ಹೊರುವುದು, ತಾಳುವುದು ಎಂದು ಮೂಲಾರ್ಥ. ಸಂಸ್ಕೃತದ ‘ಧೃ’ ಧಾತುವಿನಿಂದ ಹುಟ್ಟಿದ ‘ಧಾರಕ’ ಶಬ್ದವು ಅದಕ್ಕೆ ಸಮೀಪವಾದುದು. ಬಂಡಿಯ ಗಾಲಿಯು ಅಚ್ಚಿನ ಮೇಲೆ ತಿರುಗುವೆಡೆಗೆ ಕೀಲೆಣ್ಣೆ ಸವರುತ್ತಿದ್ದ ನಮ್ಮ ಹಿರಿಯರಿಗೆ ಈ ವಿಷಯದ ತಿರುಳು ಹೊಸತಲ್ಲ. ನಮ್ಮ ಶಾಲೆಯಿಂದ ಹೊರಟವರಲ್ಲಿ ಯಂತ್ರಕಾರ್ಯವನ್ನೇ ವೃತ್ತಿಯಾಗಿಸಿಕೊಂಡವರೂ ಉಂಟು. ಅವರು ಕೈಯಿಂದ ಬಲ್ಲ ವಿಷಯವನ್ನು ಕನ್ನಡದಲ್ಲಿ ಕ್ರಮವಾಗಿ ನಿರೂಪಿಸಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ಅಂಬಾಸಿಡರ್ ಕಾರನ್ನು ತೆಗೆದುಕೊಳ್ಳೋಣ. ಉತ್ತರಪಾಡಾದ ಕಾರ್ಖಾನೆಯಲ್ಲಿ ಇದರ ಉತ್ಪಾದನೆ 2014ರಲ್ಲಿ ನಿಂತಿತು. ಹಳೆಯ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕು ಪಿಸ್ಟನ್ನುಗಳ ಮೇಲುಕೆಳಗಿನ ಚಲನೆಯನ್ನು ಕ್ರ್ಯಾಂಕ್‌ಶಾಫ್ಟು ಸುತ್ತುಚಲನೆಯಾಗಿ ಮಾರ್ಪಡಿಸುತ್ತದೆ. ಇದನ್ನು ‘ವಕ್ರದಂಡ’ವೆನ್ನಬಹುದು. ಅದನ್ನು ಮೂರು ಮುಖ್ಯ ಬೇರಿಂಗುಗಳು ಹೊರುತ್ತವೆ. ನಾಲ್ಕು ಕನೆಕ್ಟಿಂಗ್ ರಾಡುಗಳ ಬುಡದಲ್ಲಿ ಇನ್ನೂ ನಾಲ್ಕಿವೆ. ಒಂದೊಂದೂ ಎರಡೆರಡು ಅರ್ಧವೃತ್ತದ ಹೋಳುಗಳಿಂದಾದುದು. ಒಟ್ಟು ಹದಿನಾಲ್ಕು ಹೋಳುಗಳು. ವರ್ಕ್‌ಶಾಪಿನ ಮಾತಿನಲ್ಲಿ ಇವೇ ‘ಶೆಲ್’ಗಳು. ದಂಡದಲ್ಲಿ ಇವುಗಳೊಳಗೆ ತಿರುಗುವ ನಯವಾದ ಭಾಗಕ್ಕೆ ‘ಜರ್ನಲ್’ ಎಂದು ಹೆಸರು.

ವಾಸ್ತವವಾಗಿ ಭಾರವನ್ನು ಹೊರುವುದು ಶೆಲ್ಲಿನ ಲೋಹವಲ್ಲ, ಎಣ್ಣೆ. ಬ್ಯೂಷಾಂಪ್ ಟವರ್ ಎಂಬ ಆಂಗ್ಲ ಎಂಜಿನಿಯರರು 1883ರಲ್ಲಿ ಪ್ರಯೋಗದಿಂದ ಕಂಡ ಈ ಸಂಗತಿಗೆ ಆಸ್‌ಬಾರ್ನ್ ರೆನಾಲ್ಡ್ಸ್ ಅವರು 1886ರಲ್ಲಿ ಗಣಿತದ ಆಧಾರವನ್ನು ಒದಗಿಸಿದರು. ತಿರುಗುವ ಜರ್ನಲ್ ಎಣ್ಣೆಯನ್ನು ತನ್ನೊಡನೆ ಕಿರಿದಾದ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಹುಟ್ಟುವ ಒತ್ತಡವು ದಂಡವನ್ನು ಲೋಹಕ್ಕೆ ತಾಗದಂತೆ ಎತ್ತಿ ಹಿಡಿಯುತ್ತದೆ. ವೇಗವೂ ಎಣ್ಣೆಯ ಸ್ನಿಗ್ಧತೆಯೂ ಹೆಚ್ಚಿದಂತೆ ಈ ಪೊರೆ ದಪ್ಪವಾಗುತ್ತದೆ. ಭಾರ ಹೆಚ್ಚಿದಂತೆ ತೆಳುವಾಗುತ್ತದೆ.

ನಮ್ಮ ಸೀಮೆಯ ವಾಹನಗಳ ಬಾಳನ್ನು ಈ ಸೂತ್ರದಿಂದ ಅರಿಯಬಹುದು. ಶಿರಸಿಯಿಂದ ಕುಮಟೆಗಿಳಿದು ದೇವಿಮನೆ ಘಟ್ಟವನ್ನು ಮರಳಿ ಏರುವಾಗ, ಅಥವಾ ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಬರುವಾಗ, ಗೇರನ್ನು ಇಳಿಸದೆ ಎಂಜಿನ್ನನ್ನು ಮುಕ್ಕರಿಸುವಂತೆ ಮಾಡಿದರೆ ವೇಗ ಕಡಿಮೆಯಾಗಿ ಭಾರ ಹೆಚ್ಚುತ್ತದೆ. ಪೊರೆ ಹರಿದು ಲೋಹಕ್ಕೆ ಲೋಹ ತಾಗುವ ಅಪಾಯವು ಆಗಲೇ. ಬೇಸಗೆಯಲ್ಲಿ ಕೆಮ್ಮಣ್ಣಿನ ಧೂಳು ಎಣ್ಣೆಗೆ ಸೇರುತ್ತದೆ. ಸಿದ್ದಾಪುರದ ಕಡೆಯ ದೀರ್ಘ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿನ ಎಣ್ಣೆಯಲ್ಲಿ ತೇವ ಕೂಡಿಕೊಳ್ಳುತ್ತದೆ. ಆದುದರಿಂದ ಹೊಸ ಶೆಲ್ ಕೊಳ್ಳುವ ಮುನ್ನ ಹಳೆಯದನ್ನು ಓದಬೇಕು. ಗೀರುಗಳಿದ್ದರೆ ಧೂಳು, ಮಂಕಾಗಿ ಕೊರೆದಂತಿದ್ದರೆ ಆಮ್ಲವೇರಿದ ಹಳೆಯ ಎಣ್ಣೆ, ಒರೆಸಿದಂತೆ ಲೋಹ ಕರಗಿದ್ದರೆ ಎಣ್ಣೆಯ ಅಭಾವ. ಕಾರಣವನ್ನು ಉಳಿಸಿ ಬೇರಿಂಗನ್ನು ಮಾತ್ರ ಬದಲಿಸಿದರೆ ರೋಗವನ್ನು ಬಿಟ್ಟು ಲಕ್ಷಣಕ್ಕೆ ಚಿಕಿತ್ಸೆ ಮಾಡಿದಂತಾಗುತ್ತದೆ.

ಅನಂತರದ ಕಾರ್ಯ ಅಳತೆ. ಪ್ರತಿಯೊಂದು ಜರ್ನಲನ್ನೂ ಮೈಕ್ರೊಮೀಟರಿನಿಂದ ಎರಡು ತುದಿಗಳಲ್ಲಿಯೂ ಅಡ್ಡ ಹಾಗೂ ನೇರ ದಿಕ್ಕುಗಳಲ್ಲಿಯೂ ಅಳೆಯಬೇಕು. ದಿಕ್ಕಿನಿಂದ ದಿಕ್ಕಿಗೆ ವ್ಯತ್ಯಾಸವಿದ್ದರೆ ಅದು ಅಂಡಾಕಾರಕ್ಕೆ ತಿರುಗಿದೆ; ತುದಿಯಿಂದ ತುದಿಗೆ ವ್ಯತ್ಯಾಸವಿದ್ದರೆ ಇಳಿಜಾರಾಗಿದೆ. 2 ಇಂಚು ವ್ಯಾಸದ ಜರ್ನಲ್ ಒಂದೆಡೆ 1.998, ಇನ್ನೊಂದೆಡೆ 1.9955 ಇಂಚು ಬಂದಿತೆನ್ನೋಣ. ಎರಡೂವರೆ ಸಾವಿರಾಂಶದ ಈ ಅಂಡಾಕಾರವನ್ನು ಯಾವ ಶೆಲ್ಲೂ ಸರಿಪಡಿಸಲಾರದು. ದಂಡವನ್ನು 1.990 ಇಂಚಿಗೆ ಸಾಣೆ ಹಿಡಿಸಿ, 0.010 ಇಂಚಿನ ಅಂಡರ್‌ಸೈಜ್ ಶೆಲ್ ಹಾಕುವುದೇ ದಾರಿ. ಸಾಮಾನ್ಯವಾಗಿ 0.020, 0.030, 0.040 ಇವು ಮುಂದಿನ ಮೆಟ್ಟಿಲುಗಳು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಉಂಟು. ಮೊದಲು ಶೆಲ್ಲುಗಳು ಕೈಗೆ ಬರಲಿ. ಬಳಿಕ ದಂಡ ಸಾಣೆಗೆ ಹೋಗಲಿ. ತಯಾರಿಕೆ ನಿಂತ ಕಾರುಗಳಿಗೆ ಎಲ್ಲ ಅಳತೆಗಳೂ ಅಂಗಡಿಯಲ್ಲಿ ದೊರೆಯುವುದಿಲ್ಲ. ಇಲ್ಲದ ಅಳತೆಗೆ ದಂಡವನ್ನು ಸವೆಸಿದರೆ, ಕಳೆದ ಲೋಹವನ್ನು ಮತ್ತೆ ಕೂಡಿಸುವುದು ಬಲು ದುಬಾರಿ ಹಾಗೂ ದುಸ್ಸಾಧ್ಯ. ಡಬ್ಬಿಯ ಮೇಲಿನ ಬರಹವನ್ನೂ ನಂಬಕೂಡದು. 0.010ರ ಶೆಲ್ಲಿನ ಒಂದು ಹೋಳು ಮೂಲದ ಹೋಳಿಗಿಂತ 0.005 ಇಂಚು ದಪ್ಪವಿರಬೇಕು, ಅಳೆದೇ ನಿಶ್ಚಯಿಸಬೇಕು.

ಇನ್ನು ಲೋಹದ ವಿಚಾರ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ, ತವರ ಪ್ರಧಾನವಾದ ಬಿಳಿಲೋಹವು ಮೃದು. ಸಣ್ಣ ಕಸವನ್ನು ತನ್ನೊಳಗೆ ಹುದುಗಿಸಿಕೊಂಡು ಜರ್ನಲನ್ನು ಕಾಯುತ್ತದೆ. ಆದರೆ ಹೆಚ್ಚಿನ ಭಾರಕ್ಕೆ ಬೇಗ ದಣಿದು ಬಿರುಕುಬಿಡುತ್ತದೆ. ತಾಮ್ರ ಮತ್ತು ಸೀಸದ ಮಿಶ್ರಲೋಹ ಭಾರವನ್ನು ಚೆನ್ನಾಗಿ ತಾಳುತ್ತದೆ. ಆದರೆ ಕಸವನ್ನು ಸಹಿಸದು, ಕೆಟ್ಟ ಎಣ್ಣೆಯ ಆಮ್ಲಕ್ಕೆ ಅದರ ಸೀಸ ಕರಗುತ್ತದೆ. ಅದಕ್ಕಾಗಿಯೇ ಮೇಲೆ ಮೃದುಲೋಹದ ತೆಳು ಲೇಪ ಕೊಡುವ ಪದ್ಧತಿ ಬಂದಿತು. ಅಲ್ಯುಮಿನಿಯಂ–ತವರದ್ದು ಇವೆರಡರ ನಡುವಣದು, ಆಮ್ಲಕ್ಕೆ ಹೆದರದು. ಹದವಾದ ಓಟದ ಮನೆಯ ಕಾರಿಗೆ ಅತಿಗಟ್ಟಿಯಾದುದನ್ನು ಅರಸುವುದಕ್ಕಿಂತ ತಯಾರಕರು ಹೇಳಿದ ಲೋಹಕ್ಕೆ ಸಮನಾದುದನ್ನು ಹಾಕುವುದು ವಿವೇಕ.

ಜೋಡಣೆಯಲ್ಲಿ ಶುಚಿತ್ವವೇ ಪ್ರಧಾನ. ದಂಡದ ಎಣ್ಣೆಯ ರಂಧ್ರಗಳಲ್ಲಿ ಸಾಣೆಯ ಪುಡಿ ಉಳಿಯಕೂಡದು. ಸಾಣೆ ಹಿಡಿದವರು ಜರ್ನಲಿನ ಮೂಲೆಯ ದುಂಡನ್ನು ಉಳಿಸಿರಬೇಕು. ಚೂಪಾದ ಮೂಲೆಯಿಂದಲೇ ದಂಡ ಮುರಿಯುವ ಬಿರುಕು ಹುಟ್ಟುತ್ತದೆ. ಶೆಲ್ಲಿನ ರಂಧ್ರವು ಎಂಜಿನ್ನಿನ ಎಣ್ಣೆಯ ರಂಧ್ರಕ್ಕೆ ಸರಿಯಾಗಿ ಕೂಡಬೇಕು. ಶೆಲ್ಲಿನ ಅಂಚು ತುಸು ಮೇಲೆದ್ದಿರುವುದು ದೋಷವಲ್ಲ; ಕ್ಯಾಪನ್ನು ಬಿಗಿದಾಗ ಆ ಹೆಚ್ಚಳವೇ ಅದನ್ನು ಅದುಮಿ ಹಿಡಿಯುತ್ತದೆ. ಅದನ್ನು ಅರದಿಂದ ಉಜ್ಜುವುದು, ಸಡಿಲವಾದ ಶೆಲ್ಲಿನ ಹಿಂದೆ ಕಾಗದವಿಡುವುದು, ಕ್ಯಾಪುಗಳನ್ನು ಅದಲುಬದಲು ಮಾಡುವುದು ಇವೆಲ್ಲ ನಿಷಿದ್ಧ. ಜರ್ನಲ್ ಮತ್ತು ಶೆಲ್ಲಿನ ನಡುವಣ ತೆರಪು ವ್ಯಾಸದ ಒಂದೊಂದು ಇಂಚಿಗೆ ಸುಮಾರು 0.001 ಇಂಚೆಂಬುದು ಸ್ಥೂಲ ಲೆಕ್ಕ. ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ. ಪ್ಲಾಸ್ಟಿಗೇಜ್ ಎಂಬ ಮೆದು ಎಳೆಯನ್ನಿಟ್ಟು ಕ್ಯಾಪನ್ನು ಬಿಗಿದು ಬಿಚ್ಚಿದರೆ, ಅದು ಚಪ್ಪಟೆಯಾದ ಅಗಲದಿಂದ ತೆರಪು ತಿಳಿಯುತ್ತದೆ: ಅಗಲ ಹೆಚ್ಚಿದಷ್ಟೂ ತೆರಪು ಕಡಿಮೆ.

ಈ ಶ್ರಮವೆಲ್ಲ ಎಂಜಿನ್ನನ್ನು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಳತೆಯನ್ನು ಬಿಟ್ಟು ಶೆಲ್ಲನ್ನು ಮಾತ್ರ ಬದಲಿಸಿದರೆ ಖರ್ಚು ಉಳಿಯುವುದು ನಿಜ. ಆ ಕಾರೇ ಜೀವನಾಧಾರವಾಗಿರುವವನು, ಮಳೆಯ ರಾತ್ರಿಯಲ್ಲಿ ರೋಗಿಯನ್ನು ಕೂರಿಸಿಕೊಂಡು ಘಟ್ಟದ ನಡುವೆ ನಿಂತಾಗ ಆ ಉಳಿತಾಯದ ನಿಜವಾದ ಬೆಲೆ ತಿಳಿಯುತ್ತದೆ. ದಂಡಕ್ಕೆ ಸಾಣೆಯ ಮೆಟ್ಟಿಲುಗಳು ಎಣಿಸಿದಷ್ಟೇ ಇವೆ. ಒಂದೊಂದನ್ನೂ ಅಗತ್ಯವಿದ್ದಾಗ ಮಾತ್ರ, ಅಳೆದು, ವ್ಯಯಿಸಬೇಕು. ಕಾರಿನ ಒಡೆಯರು ಈ ಕಾರ್ಯಕ್ಕೆ ತಕ್ಕ ಕಾಲವನ್ನೂ ತಕ್ಕ ಕೂಲಿಯನ್ನೂ ಕೊಡಲಿ. ಶಿಕ್ಷಕರು ದಶಮಾಂಶದ ಪಾಠ ಹೇಳುವಾಗ ಒಂದು ಮೈಕ್ರೊಮೀಟರನ್ನು ಮಕ್ಕಳ ಕೈಗೆ ಕೊಡಲಿ ಎಂದು ವಿನಂತಿಸಿ ವಿರಮಿಸುತ್ತೇನೆ.