ಬಿಡುಗಡೆಯಾದವನು ನಮ್ಮ ಬೀದಿಯವನೇ ಆದಾಗ

ಅಪರಾಧಿಯನ್ನು ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ ಬಿಟ್ಟರೆ ಅವನು ಹೋಗುವುದು ತನ್ನ ಮನೆಗೆ. ನನ್ನ ಕೇಸಿನಲ್ಲಿ ಆ ಮನೆ ಇದ್ದದ್ದು ನಮ್ಮ ಬೀದಿಯಲ್ಲೇ. ದೊಡ್ಡಬಳ್ಳಾಪುರದ ಮಗ್ಗದವರ ಬೀದಿ ಅದು. ನಲ್ಲಿ ನೀರಿನ ಜಗಳ ಬೆಳೆದು, ಇನ್ನೂ ಮೀಸೆ ಬಲಿಯದ ಹುಡುಗನೊಬ್ಬ ನನ್ನನ್ನು ಚಪ್ಪಡಿಯ ಮೇಲೆ ತಳ್ಳಿದ. ಬಲಗೈ ಮುರಿಯಿತು. ಲಾಳಿಗೆ ಕಂಡಿಕೆ ಹಾಕಲು, ಕಡಿದ ಎಳೆಗೆ ಗಂಟು ಹಾಕಲು ಬೆರಳು ಮಡಚಬೇಕು. ಮಗ್ಗದಿಂದ ಸೀರೆ ಇಳಿದರೆ ಕೂಲಿ, ಇಲ್ಲದಿದ್ದರೆ ಇಲ್ಲ.

ಕೇಸು ನಡೆದು ಅವನು ತಪ್ಪಿತಸ್ಥನೆಂದು ತೀರ್ಮಾನವಾದಾಗ ಅವನಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಅಂಥವರನ್ನು ಸುಮ್ಮನೆ ಜೈಲಿಗೆ ಕಳಿಸಬಾರದು, ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು ಎನ್ನುತ್ತದೆ 1958ರ ಪ್ರೊಬೇಷನ್ ಕಾಯ್ದೆ. ಅಧಿಕಾರಿ ಅವನ ಮನೆಗೆ ಹೋದರು, ತಂದೆತಾಯಿಯನ್ನು ಮಾತನಾಡಿಸಿದರು, ಅವನ ನಡತೆ ವಿಚಾರಿಸಿದರು. ಹತ್ತು ಹೆಜ್ಜೆ ದೂರದ ನಮ್ಮ ಮನೆಗೆ ಯಾರೂ ಬರಲಿಲ್ಲ. ಆ ವರದಿ ಗೌಪ್ಯ. ಅದರಲ್ಲಿ ಏನಿದೆಯೆಂದು ಗಾಯಗೊಂಡವರು ಕೇಳಿ ಪಡೆಯುವಂತಿಲ್ಲ.

ಹುಡುಗ ಜೈಲಿಗೆ ಹೋಗಬೇಕೆಂದು ನಾನು ಬಯಸಿರಲಿಲ್ಲ. ಆ ವಯಸ್ಸಿನವರನ್ನು ಜೈಲು ತಿದ್ದುವುದಕ್ಕಿಂತ ಕೆಡಿಸುವುದೇ ಹೆಚ್ಚು ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಅವನನ್ನು ತಿದ್ದುವ ಖರ್ಚು ನನ್ನ ಮುರಿದ ಕೈಯ ಮೇಲೆ ಬೀಳಬಾರದು. ಆ ಕಾಯ್ದೆಯಲ್ಲೇ ನಮ್ಮಂಥವರಿಗೂ ಜಾಗವಿದೆ ಎಂಬುದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದಾಗ ತಿಳಿಯಿತು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅಲ್ಲಿ ಕಲಿತ ಮೊದಲ ಪಾಠ, ಮಾತನಾಡಬೇಕಾದ ಹೊತ್ತು ಯಾವುದು ಎಂಬುದು. ತಪ್ಪಿತಸ್ಥ ಎಂದ ಮೇಲೆ, ಅಂತಿಮ ಆದೇಶ ಬರುವ ಮುನ್ನ, ಸಣ್ಣದೊಂದು ಅವಕಾಶವಿರುತ್ತದೆ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಬಿಡುಗಡೆ ಮಾಡುವಾಗಲೇ ನಷ್ಟಕ್ಕೂ ಗಾಯಕ್ಕೂ ಪರಿಹಾರ ಕೊಡುವಂತೆ ನ್ಯಾಯಾಲಯ ಅವನಿಗೆ ಆದೇಶಿಸಬಹುದು. ಆಸ್ಪತ್ರೆಯ ಬಿಲ್ಲು, ಮಗ್ಗದ ಮಾಲೀಕರು ಕೂಲಿ ಲೆಕ್ಕ ಬರೆದುಕೊಟ್ಟ ಚೀಟಿ, ವೈದ್ಯರ ಪತ್ರ ಎಲ್ಲವನ್ನೂ ಸರ್ಕಾರಿ ವಕೀಲರ ಮೂಲಕ ಸಲ್ಲಿಸಿದೆವು. ಆದೇಶದಲ್ಲಿ ಪರಿಹಾರವೂ ಸೇರಿತು. ಅದನ್ನು ಕಟ್ಟಲು ಅಪರಾಧಿಗೆ ಸಲಹೆ, ನೆರವು ಕೊಡುವುದು ಪ್ರೊಬೇಷನ್ ಅಧಿಕಾರಿಯ ಕರ್ತವ್ಯಗಳಲ್ಲೇ ಒಂದು. ಹಣ ಕಂತುಕಂತಾಗಿ ಬಂತು.

ಎರಡನೆಯದು, ಮುಚ್ಚಳಿಕೆಯ ಷರತ್ತುಗಳು. ಮೂರು ವರ್ಷ ಮೀರದ ಅವಧಿಗೆ ಬರೆಸಿಕೊಳ್ಳುವ ಆ ಮುಚ್ಚಳಿಕೆಯಲ್ಲಿ ಅವನು ಎಲ್ಲಿರಬೇಕು, ಕುಡಿಯಬಾರದು, ಅದೇ ತಪ್ಪು ಮರುಕಳಿಸದಂತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಸೇರಿಸಲು ಅವಕಾಶವಿದೆ. ನಮಗೆ ಯಾವುದರ ಭಯವೆಂದು ನಾವು ಹೇಳದಿದ್ದರೆ ನ್ಯಾಯಾಧೀಶರಿಗೆ ತಿಳಿಯುವುದಾದರೂ ಹೇಗೆ?

ಮೂರನೆಯದು ಕಲಿತದ್ದು ಅವನು ಒಂದು ರಾತ್ರಿ ಕುಡಿದು ಬಂದು ನಮ್ಮ ಬಾಗಿಲಲ್ಲಿ ಕೂಗಾಡಿದ ಮೇಲೆ. ಷರತ್ತು ಮುರಿದದ್ದನ್ನು ಅಧಿಕಾರಿಯೇ ವರದಿ ಮಾಡಬೇಕೆಂದಿಲ್ಲ. ಬೇರೆ ದಾರಿಯಿಂದ ಗೊತ್ತಾದರೂ ನ್ಯಾಯಾಲಯ ಅವನನ್ನು ಕರೆಸಬಹುದು ಎನ್ನುತ್ತದೆ 9ನೇ ಸೆಕ್ಷನ್. ತಾರೀಖು, ಹೊತ್ತು, ನೋಡಿದವರ ಹೆಸರು ಬರೆದು ಅರ್ಜಿ ಕೊಟ್ಟೆವು. ನ್ಯಾಯಾಲಯ ಅವನನ್ನು ಕರೆಸಿ ಎಚ್ಚರಿಸಿತು. ಆಮೇಲೆ ಅವನು ನಮ್ಮ ಬಾಗಿಲಿಗೆ ಬರಲಿಲ್ಲ.

ಅಪರಾಧಿಗೇ ಗತಿಯಿಲ್ಲದಿದ್ದರೆ? ಅದಕ್ಕಾಗಿಯೇ ಸಂತ್ರಸ್ತರ ಪರಿಹಾರ ಯೋಜನೆಯಿದೆ. ಕರ್ನಾಟಕ ಅದನ್ನು 2011ರಲ್ಲಿ ತಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಅಪರಾಧಿ ಕೊಡುವುದು ಸಾಲದೆಂದು ಕಂಡರೆ ನ್ಯಾಯಾಲಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಶಿಫಾರಸು ಮಾಡಬಹುದು. ಪರಿಹಾರ ಕಡಿಮೆಯಾಯಿತೆಂದು ಮೇಲ್ಮನವಿ ಹೋಗುವ ಹಕ್ಕೂ ಸಂತ್ರಸ್ತರಿಗಿದೆ.

ನಮ್ಮ ರಾಜ್ಯದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್, ಖುಲಾಸೆಯ ವಿರುದ್ಧ ಮೇಲ್ಮನವಿ ಹೋಗಲು ಸಂತ್ರಸ್ತರು ಮೊದಲು ಅನುಮತಿ ಬೇಡಬೇಕಿಲ್ಲ ಎಂದಿತು. ಶಿಕ್ಷೆ ತೀರ್ಮಾನಿಸುವ ಮುನ್ನ ಸಂತ್ರಸ್ತರ ಮೇಲಾದ ಪರಿಣಾಮವನ್ನೂ ಕೇಳಿ ತಿಳಿಯುವ ವ್ಯವಸ್ಥೆ ಬೇಕೆಂಬ ಮಾತೂ ಆ ತೀರ್ಪಿನಲ್ಲಿದೆ. ನಾನು ಕೇಳುವುದೂ ಅದನ್ನೇ. ಅಪರಾಧಿಯ ಮನೆಗೆ ಹೋಗುವ ಅಧಿಕಾರಿ ಗಾಯಗೊಂಡವರ ಮನೆಗೂ ಹೋಗಲಿ, ಇಬ್ಬರ ಪರಿಸ್ಥಿತಿಯೂ ಒಂದೇ ವರದಿಯಲ್ಲಿ ಬರಲಿ.

ಅಲ್ಲಿಯತನಕ, ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ದೇವನಹಳ್ಳಿಯಲ್ಲೋ ಇಂಥ ಕೇಸು ನಡೆಸುತ್ತಿರುವವರಿಗೆ ನನ್ನ ಮಾತು ಇಷ್ಟೇ: ಪ್ರತಿ ಬಿಲ್ಲನ್ನೂ ಎತ್ತಿಡಿ, ಅಂತಿಮ ಆದೇಶಕ್ಕೆ ಕಾಯದೆ ಅದಕ್ಕೂ ಮೊದಲೇ ಸರ್ಕಾರಿ ವಕೀಲರನ್ನು ಕಾಣಿ, ಏನು ಬೇಕೆಂಬುದನ್ನು ಬರೆದು ಕೊಡಿ.