ಹಿತ್ತಲ ಮದ್ದು ಕಣ್ಣು ಕಾಯುತ್ತದೆಯೇ?

ಪ್ರಶ್ನೆ: ನನಗೆ 52 ವರ್ಷ, ಶುಗರ್ ಬಂದು ಎಂಟು ವರ್ಷ. ಶುಗರ್‌ನಿಂದಲೇ ಅಪ್ಪನ ಕಣ್ಣು ಹೋಯಿತು. ನನಗೆ ದೃಷ್ಟಿ ಚೆನ್ನಾಗಿದೆ. ಮಾತ್ರೆಯ ಜೊತೆ ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ ತಿನ್ನುತ್ತಿದ್ದೇನೆ. ಇವು ಕಣ್ಣನ್ನು ಕಾಪಾಡುತ್ತವೆಯೇ?
– ಓದುಗರು, ಶಿವನಸಮುದ್ರ

ಉತ್ತರ: ಅಪ್ಪನ ಕಷ್ಟ ಕಂಡ ನಿಮಗೆ ಈ ಭಯ ಸಹಜ. ಆದರೆ ಅವರಿಗಾದದ್ದು ನಿಮಗೂ ಆಗಲೇಬೇಕೆಂದಿಲ್ಲ. ಬೇಗ ಗೊತ್ತಾದರೆ ದೃಷ್ಟಿ ಉಳಿಸಿಕೊಳ್ಳಲು ಇಂದು ಒಳ್ಳೆಯ ಚಿಕಿತ್ಸೆಗಳಿವೆ.

ಸಕ್ಕರೆ ಬಹುಕಾಲ ಏರಿಯೇ ಇದ್ದರೆ ರೆಟಿನಾದ (ಕಣ್ಣಿನ ಹಿಂಬದಿಯ ಪರದೆ) ಸಣ್ಣ ರಕ್ತನಾಳಗಳು ಹಾಳಾಗಿ ಸೋರತೊಡಗುತ್ತವೆ. ಮೊದಮೊದಲು ನೋವೂ ಇಲ್ಲ, ಮಬ್ಬೂ ಇಲ್ಲ. ಹಾಗಾಗಿ ಚೆನ್ನಾಗಿ ಕಾಣುತ್ತದೆ ಎಂದು ಸುಮ್ಮನಿರಬೇಡಿ.

ಮಧುನಾಶಿನಿ, ಮೆಂತ್ಯ ಸಕ್ಕರೆಯನ್ನು ಸ್ವಲ್ಪ ಇಳಿಸಬಹುದು. ಆದರೆ ರೆಟಿನಾವನ್ನು ಕಾಪಾಡುತ್ತದೆ ಎಂದು ಸಾಬೀತಾದ ಎಲೆ, ಬೀಜ ಇನ್ನೂ ಇಲ್ಲ. ಸಾಬೀತಾಗಿರುವುದು ಸಕ್ಕರೆಯ ಹತೋಟಿ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಬಿಗಿ ಹತೋಟಿ ಇಟ್ಟವರಿಗೆ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆ ಶೇ 25ರಷ್ಟು ಕಡಿಮೆಯಾಯಿತು.

ಎಲೆ, ಪುಡಿಯ ವಿಷಯ ವೈದ್ಯರಿಗೆ ತಿಳಿಸಿ. ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿಯಬಹುದು. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿಕೊಳ್ಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜುಮಂಜಾಗುವುದರಿಂದ ಬೈಕ್ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಎರಡು ದಿನದಿಂದ ಕಣ್ಣ ಮುಂದೆ ಕಪ್ಪು ಎಳೆಗಳು ತೇಲುತ್ತವಂತೆ. ನಂದಿಬಟ್ಟಲು ಹೂವಿನ ರಸ ಬಿಡಲು ಅಕ್ಕಪಕ್ಕದವರು ಹೇಳುತ್ತಾರೆ. ಬಿಡಬಹುದೇ?
– ಓದುಗರು, ಮದ್ದೂರು

ಉತ್ತರ: ಕೇಳಿ ಒಳ್ಳೆಯದು ಮಾಡಿದಿರಿ. ರಸ ಬಿಡಬೇಡಿ. ಅದು ಕಣ್ಣಿನ ಮೇಲ್ಮೈಯನ್ನು ತಾಗೀತೇ ಹೊರತು ಹಿಂಬದಿಯ ಪರದೆಗೆ ತಲುಪದು. ಅದರಲ್ಲಿನ ಕೊಳೆಯಿಂದ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹುಣ್ಣಾಗಬಹುದು.

ಹೊಸದಾಗಿ ಕಂಡ ಕಪ್ಪು ಎಳೆಗಳು ಕಣ್ಣೊಳಗೆ ರಕ್ತ ಒಸರಿದ ಸೂಚನೆ ಇರಬಹುದು. ಇವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಲೇಸರ್ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಕಣ್ಣಿಗೆ ಸೂಜಿ ಎಂದರೆ ಅಮ್ಮ ಹೆದರುವುದು ಸಹಜ. ಮೊದಲು ಮರಗಟ್ಟುವ ಔಷಧ ಹಾಕುತ್ತಾರೆ ಎಂದು ಹೇಳಿ ಧೈರ್ಯ ತುಂಬಿ.

ಪ್ರಶ್ನೆ: ಶುಗರ್‌ಗಾಗಿ ಸಕ್ಕರೆ ಬಿಟ್ಟು ಆಲೆಮನೆ ಬೆಲ್ಲ ಹಾಕಿ ಕಾಫಿ ಕುಡಿಯುತ್ತೇನೆ. ಕಣ್ಣಿಗೆ ಯಾವ ಸೊಪ್ಪು ಒಳ್ಳೆಯದು?
– ಓದುಗರು, ಮಳವಳ್ಳಿ

ಉತ್ತರ: ಸಕ್ಕರೆ ಬಿಡಬೇಕೆಂಬ ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ, ಅದನ್ನೂ ಬಿಡಿ.

ನುಗ್ಗೆ, ದಂಟು, ಮೆಂತ್ಯ ಯಾವ ಸೊಪ್ಪಾದರೂ ಸರಿ, ಔಷಧಿಯೆಂದಲ್ಲ, ಊಟವಾಗಿ ತಿನ್ನಿ. ಮುದ್ದೆ ಬಿಡಬೇಕಿಲ್ಲ, ಗಾತ್ರ ಇಳಿಸಿ, ಸೊಪ್ಪು, ಕಾಳು ಹೆಚ್ಚಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ಸಾಮಾನ್ಯವಾಗಿ ಶೇ 7ರ ಒಳಗಿರಲಿ. ಬಿಪಿಯೂ ಹತೋಟಿಯಲ್ಲಿರಲಿ, ಬೀಡಿ ಸೇದುತ್ತಿದ್ದರೆ ಬಿಟ್ಟುಬಿಡಿ.