ಶಿರೂರಿನಿಂದ ಶಿರೂರಿಗೆ ಸೈಕಲ್ ಪ್ರವಾಸ

ಪುಣೆ ಜಿಲ್ಲೆಯ ನಮ್ಮ ಶಿರೂರು ಘೋಡ್ ನದಿಯ ದಡದಲ್ಲಿದೆ. ಈ ನದಿಯ ನೀರು ಭೀಮೆಯನ್ನು ಸೇರಿ ಕನ್ನಡ ನಾಡಿನತ್ತಲೇ ಹರಿಯುತ್ತದೆ. ಆ ನಾಡಿನ ಕರಾವಳಿಯಲ್ಲಿಯೂ ಶಿರೂರು ಎಂಬ ಹೆಸರಿನ ಎರಡು ಊರುಗಳಿವೆ. ಒಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ, ಗಂಗಾವಳಿ ನದಿಯ ಬಳಿ. ಇನ್ನೊಂದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ. ಎರಡೂ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಅವುಗಳ ನಡುವಣ ಅಂತರ ನೂರು ಕಿಲೋಮೀಟರಿಗಿಂತ ಕಡಿಮೆ. ಮಳೆಗಾಲದಲ್ಲಿ ಈ ದಾರಿಯನ್ನು ಸೈಕಲ್ಲಿನ ಮೇಲೆ ಕ್ರಮಿಸುವವರು ಏನನ್ನು ತಿಳಿದಿರಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಮಳೆಯ ವಿಷಯ. ಅರಬ್ಬೀ ಸಮುದ್ರದಿಂದ ಬೀಸುವ ಮುಂಗಾರು ಗಾಳಿಯು ಸಹ್ಯಾದ್ರಿಗೆ ಅಡ್ಡಗಟ್ಟಲ್ಪಟ್ಟು ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ, ಹೊತ್ತ ನೀರನ್ನು ಇಳಿಸುತ್ತದೆ. ಆದ್ದರಿಂದ ಆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಬೆಟ್ಟದ ಈಚೆಗೆ, ಮಳೆಯ ನೆರಳಿನಲ್ಲಿರುವ ನಮಗೆ ಅದರ ಕಾಲುಭಾಗವೂ ದೊರೆಯದು. ಇಲ್ಲಿಯ ಮಳೆಯನ್ನು ಕಂಡು ಅಲ್ಲಿಯದನ್ನು ಅಳೆಯಲಾಗದು.

ಎರಡನೆಯದು ಗಾಳಿ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಸಾಗುವ ಸವಾರನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ, ಅವನ ಮೈಗೆ ತಗಲುವ ಗಾಳಿಯ ವೇಗ 30 ಆಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಹಟದಿಂದ ತುಳಿದು ಈ ಲೆಕ್ಕವನ್ನು ಗೆಲ್ಲಲಾಗದು. ವೇಗವನ್ನು ತಗ್ಗಿಸುವುದೇ ಜಾಣತನ.

ಆದರೆ ಈ ದಾರಿಯಲ್ಲಿ ಎದುರುಗಾಳಿಗಿಂತ ಅಡ್ಡಗಾಳಿಯೇ ಹೆಚ್ಚು ಅಪಾಯಕರ. ದಕ್ಷಿಣಕ್ಕೆ ಸಾಗುವವನಿಗೆ ಕಡಲು ಬಲಗಡೆ ಇರುವುದು. ಗಾಳಿ ಅವನನ್ನು ಎಡಕ್ಕೆ, ರಸ್ತೆಯ ಅಂಚಿಗೆ ನೂಕುತ್ತದೆ. ಅವನು ತಿಳಿಯದೆಯೇ ಬಲಕ್ಕೆ ವಾಲಿಕೊಂಡು ಸಾಗುತ್ತಾನೆ. ಆಗ ಲಾರಿಯೊಂದು ಬಲಬದಿಯಿಂದ ಹಾದುಹೋದರೆ ಗಾಳಿಗೆ ಒಮ್ಮೆಲೇ ಮರೆಯಾಗುತ್ತದೆ. ವಾಲಿದ್ದ ಸೈಕಲ್ಲು ಲಾರಿಯ ಕಡೆಗೇ ಸರಿಯುತ್ತದೆ! ಲಾರಿ ಮುಂದೆ ಹೋದೊಡನೆ ಗಾಳಿ ಮತ್ತೆ ಬಡಿಯುತ್ತದೆ. ಉತ್ತರಕ್ಕೆ ಮರಳುವಾಗಲಂತೂ ಗಾಳಿಯೇ ಸವಾರನನ್ನು ವಾಹನಗಳತ್ತ ತಳ್ಳುವುದು. ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಸೇತುವೆಗಳ ಮೇಲೆ ಗಾಳಿಯನ್ನು ತಡೆಯಲು ಮರವೂ ಇಲ್ಲ, ಗುಡ್ಡವೂ ಇಲ್ಲ. ಅಲ್ಲಿ ಗಾಳಿ ಬಲವಾಗಿದ್ದರೆ ಇಳಿದು ನಡೆಯಬೇಕು.

ಮೂರನೆಯದು ಬ್ರೇಕು. ರಿಮ್ಮನ್ನು ಹಿಡಿಯುವ ಬ್ರೇಕಿಗೂ ರಿಮ್ಮಿಗೂ ನಡುವೆ ನೀರು ನಿಂತರೆ ಹಿಡಿತ ತಪ್ಪುತ್ತದೆ. ಇಳಿಜಾರು ಬರುವ ಮುನ್ನವೇ ಮೆಲ್ಲಗೆ ಹಲವು ಸಲ ಒತ್ತಿ ನೀರನ್ನು ಒರೆಸಿಕೊಳ್ಳಬೇಕು. ಮುಂದಿನ ವಾಹನದಿಂದ ಎಂದಿಗಿಂತ ದೂರವಿರಬೇಕು. ರಸ್ತೆಯಲ್ಲಿ ನಿಂತ ಕೆನ್ನೀರಿನ ಕೆಳಗೆ ಹೊಂಡವಿದೆಯೆಂದೇ ಭಾವಿಸಬೇಕು. ಸಂಜೆ ತಂಗಿದೊಡನೆ ಸರಪಳಿಯನ್ನು ಒರೆಸಿ ಎಣ್ಣೆ ಹಾಕಬೇಕು.

ಕೊನೆಯದು ಗುಡ್ಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಭಾರಿ ಮಳೆಯ ನಡುವೆ, ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆಬದಿಯಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ಮಣ್ಣು ಗಂಗಾವಳಿಯವರೆಗೂ ನುಗ್ಗಿತು. ಗುಡ್ಡದ ಬುಡವನ್ನು ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಇಂಗಿದಾಗ ಅದರ ಭಾರ ಹೆಚ್ಚಿ, ಕಣಗಳ ಬಿಗಿ ಸಡಿಲುತ್ತದೆ. ಮಳೆ ಜೋರಾದಾಗ ಇಂತಹ ಕಡಿದಾದ ಗುಡ್ಡದ ಮಗ್ಗುಲು ಆಶ್ರಯದಂತೆ ಕಾಣುವುದು. ಅಲ್ಲಿ ನಿಲ್ಲಲೇಬಾರದು. ವಾಲಿದ ಮರ, ಉರುಳುವ ಕಲ್ಲು, ಗುಡ್ಡದಿಂದ ಹೊಸದಾಗಿ ಹರಿಯುವ ಕೆಸರುನೀರು ಇವನ್ನು ಕಂಡರೆ ದೂರದಿಂದಲೇ ಹಿಂದಿರುಗಬೇಕು.

ಹೀಗೆಂದು ಮನೆಯಲ್ಲೇ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ನಮ್ಮ ನಾಡಿನ ನದಿಗಳನ್ನು ಒಂದೊಂದಾಗಿ ದಾಟುತ್ತ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ನಮ್ಮ ನುಡಿಯಲ್ಲೇ ದಾರಿ ಕೇಳುತ್ತ ಸಾಗುವ ಸುಖ ನಿಮಗೂ ದೊರೆಯಲಿ. ಹಿರಿಯರೊಡನೆ ಹೊರಡಿರಿ. ಒಂದು ದಿನದ ದಾರಿಗೆ ಎರಡು ದಿನಗಳನ್ನಿಡಿರಿ; ಆಗ ಮಳೆ ನಿಲ್ಲುವವರೆಗೆ ಕಾಯಲು ನಿಮಗೆ ಮನಸ್ಸು ಬಂದೀತು. ಹವಾಮಾನದ ಮುನ್ಸೂಚನೆಯನ್ನೂ ಆ ಊರಿನವರ ಮಾತನ್ನೂ ಕೇಳಿರಿ. ಅವರು ಬೇಡವೆಂದ ದಿನ ಹೊರಡದಿರುವುದು ಹೇಡಿತನವಲ್ಲ.

ಅಭ್ಯಾಸ
1. ಕರಾವಳಿಗೂ ನಮ್ಮ ಶಿರೂರಿಗೂ ಮಳೆಯಲ್ಲಿ ಇಷ್ಟು ವ್ಯತ್ಯಾಸವೇಕೆ?
2. ದಕ್ಷಿಣಕ್ಕೆ ಸಾಗುವಾಗಲೂ ಉತ್ತರಕ್ಕೆ ಮರಳುವಾಗಲೂ ಕಡಲ ಗಾಳಿ ಸವಾರನನ್ನು ಯಾವ ಕಡೆಗೆ ನೂಕುವುದು? ಚಿತ್ರ ಬರೆದು ತೋರಿಸಿರಿ.
3. ನಿಮ್ಮ ಹಿರಿಯರ ಊರಿಗೆ ಹೋಗುವ ದಾರಿಯಲ್ಲಿ ಎಷ್ಟು ನದಿಗಳಿವೆ? ಮನೆಯಲ್ಲಿ ಕೇಳಿ ಪಟ್ಟಿ ಮಾಡಿರಿ.